ಕಾರವಾರದಲ್ಲಿ ಹೊರಗೆ ಊಟ: ಯಾವ ವಾರ, ಯಾವ ಹೊತ್ತು, ಯಾರ ಅಡುಗೆ

ಕಾರವಾರಕ್ಕೆ ವರ್ಗವಾಗಿ ಬಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆಯೆಂದರೆ, ಇಲ್ಲಿ ಊಟಕ್ಕೆ ಒಳ್ಳೆಯ ಹೋಟೆಲು ಯಾವುದು ಎಂಬುದು. ಹಲವು ವರ್ಷಗಳಿಂದ ಈ ಊರಿನಲ್ಲಿ ನೌಕರಿ ಮಾಡುತ್ತ, ಮನೆಯವರು ಶಿರಸಿಯಲ್ಲಿರುವ ಕಾರಣ ಹೆಚ್ಚಾಗಿ ಹೊರಗೇ ಉಣ್ಣುವ ನಾನು ಈ ಪ್ರಶ್ನೆಗೆ ಒಂದು ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಏನು ಉಣ್ಣಬೇಕೆಂದಿದ್ದೀರಿ, ಇವತ್ತು ಯಾವ ವಾರ, ಈಗ ಹೊತ್ತು ಎಷ್ಟಾಗಿದೆ ಎಂದು ತಿರುಗಿ ಕೇಳುತ್ತೇನೆ. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಇಂಥ ಕಡೆಗೆ ಹೋಗಿ ಎಂದು ಹೇಳಲು ಬರುತ್ತದೆ. ಸಣ್ಣ ಊರಿನ ಊಟದ ಮನೆಗಳಲ್ಲಿ ಅಡುಗೆಯವರು ಬದಲಾದರೆ ರುಚಿಯೂ ಬದಲಾಗುತ್ತದೆ. ಆದ್ದರಿಂದ ಇಲ್ಲಿ ಹೋಟೆಲುಗಳ ಹೆಸರು ಬರೆಯದೆ, ನಾನು ಆರಿಸಿಕೊಳ್ಳುವ ಕ್ರಮವನ್ನು ಬರೆಯುತ್ತಿದ್ದೇನೆ.

ಜನಸಂಖ್ಯೆಯಲ್ಲಿ ಚಿಕ್ಕದಾದ ಈ ಊರಿನಲ್ಲಿ ಇಷ್ಟೊಂದು ಬಗೆಯ ಅಡುಗೆ ಸಿಗುವುದಕ್ಕೆ ಕಾರಣಗಳಿವೆ. 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಈ ಜಿಲ್ಲೆ 1956ರವರೆಗೆ ಮುಂಬಯಿಯ ಆಡಳಿತದಲ್ಲೇ ಇತ್ತು. ಇಲ್ಲಿನವರು ದುಡಿಮೆಗೆ ಮುಂಬಯಿಗೆ ಹೋಗುತ್ತಿದ್ದರು, ಅಲ್ಲಿನ ‘ಲಂಚ್ ಹೋಮ್’ ಎಂಬ ಹೆಸರು ಇಲ್ಲಿನ ಫಲಕಗಳ ಮೇಲೂ ಬಂತು. ಉತ್ತರಕ್ಕೆ ಕಾಳಿ ನದಿ ದಾಟಿ ಸದಾಶಿವಗಡ, ಮಾಜಾಳಿ ಕಳೆದರೆ ಗೋವಾ. ಜಿಲ್ಲಾ ಕೇಂದ್ರವಾದ್ದರಿಂದ ಧಾರವಾಡ, ಹಾವೇರಿ ಕಡೆಯ ನೌಕರರು ಕಚೇರಿಗಳಲ್ಲಿ ತುಂಬಿದ್ದಾರೆ. ಕೈಗಾ ಅಣು ವಿದ್ಯುತ್ ಸ್ಥಾವರಕ್ಕೂ, 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಗೂ ದೇಶದ ಎಲ್ಲ ಮೂಲೆಗಳಿಂದ ಜನ ಬಂದರು. ಬಂದವರೆಲ್ಲ ತಮ್ಮ ನಾಲಿಗೆಯನ್ನೂ ಜೊತೆಗೇ ತಂದರು, ಅವರಿಗಾಗಿ ಅಡುಗೆ ಮಾಡುವವರೂ ಹಿಂದಿನಿಂದ ಬಂದರು.

ಇದರಿಂದ ನಾನು ಕಂಡುಕೊಂಡ ಮುಖ್ಯ ಸಂಗತಿ ಇಷ್ಟು: ಇಲ್ಲಿನ ಪ್ರತಿ ಊಟದ ಮನೆಯ ಹಿಂದೆ ಯಾವುದೋ ಒಂದು ಮನೆತನದ, ಒಂದು ಸೀಮೆಯ ಅಡುಗೆ ಇದೆ. ಪಟ್ಟಿಯಲ್ಲಿ ಮಸಾಲೆದೋಸೆಯಿಂದ ಹಿಡಿದು ಪನೀರ್ ಬಟರ್ ಮಸಾಲಾದವರೆಗೆ ಎಲ್ಲವನ್ನೂ ಅಚ್ಚು ಹಾಕಿಸಿದ್ದರೂ ಆ ಅಡುಗೆಮನೆಯವರು ಮನಸ್ಸಿಟ್ಟು ಮಾಡುವುದು ತಮ್ಮವರು ದಿನವೂ ಬಂದು ಉಣ್ಣುವ ಎರಡು ಮೂರು ಪದಾರ್ಥಗಳನ್ನು ಮಾತ್ರ. ಅವನ್ನು ಕೇಳಿ ಉಂಡರೆ ಕಾರವಾರದಷ್ಟು ಒಳ್ಳೆಯ ಊಟ ದೊಡ್ಡ ನಗರಗಳಲ್ಲೂ ಸಿಗುವುದು ಕಷ್ಟ. ಪಟ್ಟಿ ನೋಡಿ ಬೇರೇನೋ ತರಿಸಿಕೊಂಡವರು ಅದೇ ಹೋಟೆಲನ್ನು ಬೈದುಕೊಂಡು ಹೋಗುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಆದ್ದರಿಂದ ಒಳಗೆ ಹೋಗಿ ಕುಳಿತ ಕೂಡಲೇ ಪಟ್ಟಿ ತೆಗೆಯುವುದಿಲ್ಲ. ಸುತ್ತಲಿನ ತಟ್ಟೆಗಳನ್ನು ನೋಡುತ್ತೇನೆ. ಏನನ್ನೂ ಹೇಳದೆ ಕುಳಿತವರ ಮುಂದೆ ತಾನಾಗಿ ಬಂದು ಕೂರುವ ತಟ್ಟೆ ಯಾವುದೋ ಅದೇ ಆ ಮನೆಯ ನಿಜವಾದ ಅಡುಗೆ.

ಮೀನೂಟದ ಮಾತು ಮೊದಲು, ಏಕೆಂದರೆ ಕಾರವಾರಕ್ಕೆ ಬಂದ ಹತ್ತರಲ್ಲಿ ಎಂಟು ಜನ ಅದನ್ನೇ ಹುಡುಕುತ್ತಾರೆ. ಮೀನೂಟ ಮಧ್ಯಾಹ್ನದ್ದು. ಬೈತಖೋಲ ಬಂದರಿನಲ್ಲಿ ಬೆಳಗಿನ ಜಾವ ಇಳಿದ ಮೀನು ಹರಾಜಾಗಿ ಮಾರುಕಟ್ಟೆಗೆ ಬಂದು, ಅಲ್ಲಿಂದ ಲಂಚ್ ಹೋಮ್‌ಗಳ ಅಡುಗೆಮನೆ ಸೇರಿ, ಕೊಚ್ಚಿ ಉಪ್ಪು ಖಾರ ಹಚ್ಚಿಸಿಕೊಂಡು, ಹನ್ನೆರಡೂವರೆಗೆ ಕಾವಲಿ ಏರುತ್ತದೆ. ಹನ್ನೆರಡೂವರೆಯಿಂದ ಒಂದೂವರೆಯ ತನಕದ್ದು ಒಳ್ಳೆಯ ಹೊತ್ತು. ಎರಡು ಗಂಟೆಯ ನಂತರ ಹೋದರೆ ಆ ದಿನದ ಒಳ್ಳೆಯ ಮೀನು ಮುಗಿದು, ಗಸಿ ಕುದಿದು ಕುದಿದು ಗಟ್ಟಿಯಾಗಿ, ತೆಂಗಿನಕಾಯಿಯ ಹಾಲು ಒಡೆದಂತಾಗಿರುತ್ತದೆ. ರಾತ್ರಿ ಇದೇ ಸ್ಥಳಗಳಲ್ಲಿ ಕೆಲವು ಮುಚ್ಚಿರುತ್ತವೆ. ತೆರೆದಿದ್ದರೂ ಮಧ್ಯಾಹ್ನದ ಅಡುಗೆಯ ಹೆಂಗಸರು ಮನೆಗೆ ಹೋಗಿರುತ್ತಾರೆ. ರಾತ್ರಿ ಮೀನೂಟ ಬೇಕೆನ್ನುವ ಅತಿಥಿಗಳಿಗೆ ನಾಳೆ ಮಧ್ಯಾಹ್ನದವರೆಗೆ ತಾಳಿ ಎಂದು ಕೈಮುಗಿದು ಹೇಳುತ್ತೇನೆ.

ನಾನು ಮೇಲಿಂದ ಮೇಲೆ ಹೋಗುವ ಒಂದು ಚಿಕ್ಕ ಊಟದ ಮನೆ ಮಾರುಕಟ್ಟೆಯ ಹಿಂಬದಿಯ ಓಣಿಯಲ್ಲಿದೆ. ಕೆಲವೇ ಮೇಜುಗಳು, ಗೋಡೆಯ ಮೇಲೆ ದೇವರ ಪಟ, ಒಳಗಿನ ಬಾಗಿಲಿನಿಂದ ಕಾಣುವ ಎರಡು ದೊಡ್ಡ ಕಬ್ಬಿಣದ ಕಾವಲಿಗಳು. ಅಡುಗೆಯ ಉಸ್ತುವಾರಿ ನೋಡುವ ಹಿರಿಯ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ.

“ಅಕ್ಕಾ, ಇವತ್ತು ಫ್ರೈಗೆ ಯಾವುದು?” ಎಂದು ಕೇಳಿದರೆ ಅವರು ಲಾಭದ ಲೆಕ್ಕ ಹಾಕುವುದಿಲ್ಲ.

“ಇಸ್ವಾಣ ಐಸಿನದು ಸರ್, ನಿಮಗೆ ಬೇಡ. ಬಂಗಡೆ ಬೆಳಿಗ್ಗೆ ಬಂದದ್ದು, ಅದೇ ಹಾಕ್ತೇನೆ. ನೊಗ್ಲಿ ಎರಡೇ ಉಂಟು, ಬೇಕಾದ್ರೆ ಈಗ್ಲೇ ಹೇಳಿ.”

ಇಸ್ವಾಣ ಎಂದರೆ ಅಂಜಲ್ ಮೀನು, ಅದರ ತುಂಡಿಗೆ ಬಂಗಡೆಯ ಹಲವು ಪಟ್ಟು ಬೆಲೆ ಎಂಬುದು ತಿಳಿದವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಇಂಥ ಉತ್ತರ ಸಿಗುವ ಕಡೆಗೆ ನಾನು ಮರಳಿ ಹೋಗುತ್ತೇನೆ. ಎಲ್ಲವೂ ತಾಜಾ ಎಂದು ಒಂದೇ ಉಸಿರಿನಲ್ಲಿ ಹೇಳುವ ಕಡೆ ಹುರಿಯುವ ಮೊದಲು ಮೀನನ್ನು ತೋರಿಸಿ ಎನ್ನುತ್ತೇನೆ. ಹಾಗೆ ಕೇಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ, ಕರಾವಳಿಯಲ್ಲಿ ಅದು ವಾಡಿಕೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬಾರದು. ಬಹಳ ದಿನ ಮಂಜುಗಡ್ಡೆಯಲ್ಲಿದ್ದ ಮೀನು ಕಾವಲಿಯ ಮೇಲೆ ನೀರು ಬಿಡುತ್ತದೆ. ಆ ನೀರಿನಿಂದ ಮೇಲಿನ ರವೆ ಸಡಿಲಾಗಿ ಪದರು ಪದರಾಗಿ ಕಳಚಿ ಬೀಳುತ್ತದೆ. ತಟ್ಟೆಗೆ ಬಂದ ರವಾ ಫ್ರೈಯ ಕವಚ ಮೀನಿಗೆ ಅಂಟಿಕೊಂಡು ಗರಿಗರಿಯಾಗಿದ್ದು, ಒಳಗಿನ ಮಾಂಸ ಎಸಳೆಸಳಾಗಿ ಬಿಟ್ಟುಕೊಂಡರೆ ಅಲ್ಲಿ ಮೀನೂ ಸರಿ, ಕೈಯೂ ಸರಿ.

ತಟ್ಟೆಯಲ್ಲಿ ಬರುವುದನ್ನೂ ಹೇಳಬೇಕು. ಅನ್ನ, ಕೇಳಿದರೆ ಕುಚ್ಚಲಕ್ಕಿಯದು. ತೆಂಗಿನಕಾಯಿ ಮತ್ತು ಒಣಮೆಣಸು ನುಣ್ಣಗೆ ರುಬ್ಬಿದ ಮೀನಿನ ಗಸಿ, ಇದನ್ನು ಕೊಂಕಣಿಯವರು ಹುಮಣ ಎನ್ನುತ್ತಾರೆ. ಒಂದು ತರಕಾರಿ ಪಲ್ಯ. ಅದೃಷ್ಟವಿದ್ದರೆ ಒಣಸಿಗಡಿಯ ಕಿಸ್ಮೂರಿ ಅಥವಾ ತಿಸ್ರೆ ಎಂಬ ಚಿಪ್ಪುಮೀನಿನ ಸುಕ್ಕೆ. ಒಂದು ಬಟ್ಟಲು ಸೋಲ್‌ಕಡಿ. ಬಂಗಡೆಯ ಗಸಿಗೆ ತಿರ್ಫಲ ಹಾಕುತ್ತಾರೆ. ಒರಟು ಸಿಪ್ಪೆಯ ಆ ಪುಟ್ಟ ಕಾಯಿಯನ್ನು ಅಗಿಯುವುದಿಲ್ಲ, ಬದಿಗೆ ತೆಗೆದಿಡಬೇಕು. ಎಣ್ಣೆಯಂಶ ಹೆಚ್ಚಿರುವ ಬಂಗಡೆ, ತಾರ್ಲೆಗಳ ಕಟು ವಾಸನೆಯನ್ನು ಅದರ ಘಮ ಹಿಡಿತದಲ್ಲಿಡುತ್ತದೆ. ತಿರ್ಫಲವಿಲ್ಲದ ಬಂಗಡೆ ಗಸಿ ಬಂದರೆ ಅಡುಗೆಯವರು ಈ ಸೀಮೆಯವರಲ್ಲ ಎಂದು ತಿಳಿಯುತ್ತೇನೆ. ಸೋಲ್‌ಕಡಿಯನ್ನು ಮುರುಗಲಿನ (ಕೋಕಂ) ಸಿಪ್ಪೆ ನೆನೆಸಿದ ನೀರಿಗೆ ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು ಸೇರಿಸಿ ಮಾಡುತ್ತಾರೆ. ಅದರ ನಿಜವಾದ ಬಣ್ಣ ಮಾಸಲು ಗುಲಾಬಿ. ಕಣ್ಣು ಕುಕ್ಕುವ ಗುಲಾಬಿ ಕಂಡರೆ ಪುಡಿಯ ಅನುಮಾನ ಬರುತ್ತದೆ, ನಾನು ಮುಟ್ಟುವುದಿಲ್ಲ.

ತಿಸ್ರೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳುವ ಆಸೆ ನನಗಿದೆ. ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು ಕೆಸರಿನಿಂದ ಈ ಚಿಪ್ಪುಗಳನ್ನು ಆಯುತ್ತಾರೆ. ಅವು ಹೊಟ್ಟೆಯೊಳಗಿನ ಮರಳನ್ನು ಬಿಡುವವರೆಗೆ ನೀರಿನಲ್ಲಿ ಇಡಬೇಕು. ಆ ತಾಳ್ಮೆ ಇಲ್ಲದ ಅಡುಗೆಮನೆಯ ಸುಕ್ಕೆಯಲ್ಲಿ ಹಲ್ಲಿಗೆ ಮರಳು ಸಿಗುತ್ತದೆ. ಸರಿಯಾಗಿ ಮಾಡಿದ್ದರೆ ತೆರೆದ ಚಿಪ್ಪಿನ ಒಂದು ಬದಿಗೆ ಮಾಂಸ ಅಂಟಿಕೊಂಡಿದ್ದು, ಮೇಲೆ ತೆಂಗಿನ ತುರಿಯ ಮಸಾಲೆ ಕುಳಿತಿರುತ್ತದೆ. ಅದನ್ನು ಕೈಯಿಂದಲೇ ತಿನ್ನಬೇಕು, ಬೇರೆ ದಾರಿ ಇಲ್ಲ. ಹೊರಗಿನವರು ಪಾಂಪ್ಲೆಟ್, ಏಡಿ ಎಂದು ಹಟ ಹಿಡಿಯುವಾಗ ತಿಸ್ರೆ ಕೇಳಿ ಎಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಪಾಂಪ್ಲೆಟ್ ಬೆಂಗಳೂರಿನಲ್ಲೂ ಸಿಗುತ್ತದೆ, ಈ ಅಳಿವೆಯ ತಿಸ್ರೆಯನ್ನು ಅಂದಂದೇ ಉಣ್ಣಲು ಇಲ್ಲಿಗೇ ಬರಬೇಕು. ಪಾಂಪ್ಲೆಟ್, ಏಡಿ, ದೊಡ್ಡ ಸಿಗಡಿ ಬೇಕೇ ಬೇಕೆಂದರೆ ಗಾತ್ರ ನೋಡಿ, ದರ ಕೇಳಿ, ಆಮೇಲೆ ಹೂಂ ಎನ್ನಬೇಕು. ಇವುಗಳ ಬೆಲೆ ಆಯಾ ದಿನದ್ದು, ಪಟ್ಟಿಯಲ್ಲಿ ಬರೆದಿರುವುದಿಲ್ಲ.

ಕಾಲ ನೋಡಿ ಬರುವುದೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವಾದ್ದರಿಂದ ಪಶ್ಚಿಮ ಕರಾವಳಿಗೆಲ್ಲ ಈ ನಿಷೇಧವಿದೆ. ಆಗ ದೊಡ್ಡ ಹೋಟೆಲುಗಳಲ್ಲಿ ಸಿಗುವ ದೊಡ್ಡ ಮೀನು ಬಹುಮಟ್ಟಿಗೆ ಮಂಜುಗಡ್ಡೆಯದು ಅಥವಾ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಆ ಎರಡು ತಿಂಗಳು ನಾನು ನಾಡದೋಣಿಯವರು ಹಿಡಿದ ಹೊಳೆಮೀನನ್ನೂ ಒಣಮೀನಿನ ಪದಾರ್ಥಗಳನ್ನೂ ಕೇಳುತ್ತೇನೆ. ಮಳೆ ಹೊಯ್ಯುವಾಗ ಬಿಸಿ ಗಂಜಿಯ ಜೊತೆ ಸುಟ್ಟ ಒಣಬಂಗಡೆ ಸಿಗುವ ಗೂಡುಗಳು ಈ ಊರಿನಲ್ಲಿ ಇನ್ನೂ ಇವೆ. ಆಗಸ್ಟ್‌ನಲ್ಲಿ ದೋಣಿಗಳು ಇಳಿಯುವ ಹೊತ್ತಿಗೆ ಶ್ರಾವಣ ಬರುತ್ತದೆ, ಮೀನುಗಾರರು ನೂಲಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ, ಅನೇಕ ಮನೆಗಳವರು ಚೌತಿಯವರೆಗೆ ಮೀನು ಮುಟ್ಟುವುದಿಲ್ಲ. ಮೀನಿನ ಊಟಕ್ಕೆಂದೇ ದೂರದಿಂದ ಬರುವವರಿಗೆ ಚೌತಿ ಕಳೆದ ಮೇಲಿನಿಂದ ಫೆಬ್ರುವರಿಯವರೆಗಿನ ಕಾಲವನ್ನು ಹೇಳುತ್ತೇನೆ. ವಾರಗಳಲ್ಲಿ ಬುಧವಾರ, ಶುಕ್ರವಾರ, ಭಾನುವಾರ ಉತ್ತಮ. ಸೋಮವಾರ ಇಲ್ಲಿನ ಬಹಳಷ್ಟು ಹಿಂದೂ ಮನೆಗಳಲ್ಲಿ ಮೀನಿಲ್ಲ, ಗಿರಾಕಿ ಕಡಿಮೆಯಾದ್ದರಿಂದ ಲಂಚ್ ಹೋಮ್‌ನವರು ತರುವುದೂ ಕಡಿಮೆ.

ಸೋಮವಾರ ಹಾಗಾದರೆ ಎಲ್ಲಿಗೆ? ಅದು ನನಗೆ ಖಾನಾವಳಿಯ ದಿನ. ಕಚೇರಿಗಳ ಆಸುಪಾಸಿನಲ್ಲಿ ಬಯಲುಸೀಮೆಯವರು ನಡೆಸುವ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿಯ ಮೇಲೆ ಗಟ್ಟಿ ಮೊಸರು, ಜೊತೆಗೆ ಹಸಿ ಈರುಳ್ಳಿ, ಮೆಂತ್ಯಸೊಪ್ಪು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದರೆ ಕುಳಿತುಕೊಳ್ಳಬಹುದು. ಸದ್ದಿಲ್ಲದಿದ್ದರೆ ಬೆಳಿಗ್ಗೆಯೇ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಬರುತ್ತದೆ. ಕರಾವಳಿಯ ಹವೆಯ ತೇವಕ್ಕೆ ಅದು ಚರ್ಮದಂತಾಗಿರುತ್ತದೆ.

ಬೆಳಗಿನ ತಿಂಡಿಗೆ ಇಡ್ಲಿ ದೋಸೆಯ ಉಡುಪಿ ಮಾದರಿಯ ಹೋಟೆಲುಗಳು ಎಲ್ಲ ಊರಿನಲ್ಲಿರುವಂತೆ ಇಲ್ಲಿಯೂ ಇವೆ, ಕೆಟ್ಟದ್ದೇನಿಲ್ಲ. ಆದರೆ ಕಾರವಾರದ ಬೆಳಗು ಎಂದರೆ ಪಾವ್ ಭಾಜಿ. ಮುಂಬಯಿಯ ಕೆಂಪು ಮುದ್ದೆಯ ಪಾವ್ ಭಾಜಿ ಇದಲ್ಲ. ಬಟಾಣಿ ಅಥವಾ ಬಟಾಟೆಯ ತೆಳ್ಳನೆಯ ತೆಂಗಿನಕಾಯಿ ಭಾಜಿ, ಅದಕ್ಕೆ ಬೇಕರಿಯಿಂದ ಆಗಷ್ಟೇ ಬಂದ ಬಿಸಿ ಪಾವ್, ಬದಿಗೆ ಒಂದು ಮಿರ್ಚಿ. ಇದು ಗೋವೆಯ ಕಡೆಯ ಪದ್ಧತಿ. ಏಳೂವರೆಯಿಂದ ಒಂಬತ್ತರೊಳಗೆ ಹೋದರೆ ಪಾವ್ ಮೆತ್ತಗಿರುತ್ತದೆ. ಬಾಳೆಹಣ್ಣಿನ ಬನ್ಸ್ ಕೂಡ ಆ ಹೊತ್ತಿಗೇ ಎಣ್ಣೆಯಿಂದ ಮೇಲೆ ಬರುತ್ತಿರುತ್ತದೆ.

ಶುದ್ಧ ಸಸ್ಯಾಹಾರಿಗಳಾದ ನಮ್ಮ ಶಿರಸಿಯ ಹಿರಿಯರು ಬಂದಾಗ ಮೀನಿನ ವಾಸನೆ ಇಲ್ಲದ ಕಡೆಗೆ ಕರೆದೊಯ್ಯಬೇಕಾಗುತ್ತದೆ. ಸಾರಸ್ವತರು ನಡೆಸುವ ಸಸ್ಯಾಹಾರಿ ಊಟದ ಮನೆಗಳಲ್ಲಿ ದಾಳಿತೋವೆ ಕೇಳುತ್ತೇನೆ. ತೊಗರಿಬೇಳೆಗೆ ಇಂಗು, ಹಸಿಮೆಣಸು, ಒಗ್ಗರಣೆ ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ, ಇಂಗಿನ ಹದವೇ ಅದರ ರುಚಿ. ಹಬ್ಬದ ಆಸುಪಾಸಿನಲ್ಲಿ ಹಲವು ತರಕಾರಿ ಹಾಕಿದ ಖತಖತೆ ಸಿಕ್ಕರೆ ಬಿಡಬಾರದು. ಅಪ್ಪೆಹುಳಿ, ತಂಬುಳಿ, ತೆಳ್ಳೇವು ಬೇಕೆಂದು ಕೇಳುವವರಿಗೆ ಘಟ್ಟ ಹತ್ತಿ ಎಂದು ಹೇಳುತ್ತೇನೆ. ಅವು ಮೇಲಿನ ಹವ್ಯಕರ ಮನೆಗಳ ಅಡುಗೆ. ಶಿರಸಿಯಲ್ಲೂ ಹೋಟೆಲಿಗಿಂತ ನೆಂಟರ ಮನೆಯಲ್ಲಿ ಚೆನ್ನಾಗಿರುತ್ತವೆ ಎಂಬುದು ನನ್ನ ಅಭಿಪ್ರಾಯ.

ಬಿರಿಯಾನಿಗೆ ನಾನು ನೋಡುವುದು ಭಟ್ಕಳದ ಕೈಯನ್ನು. ಅಲ್ಲಿನ ನವಾಯತ ಮುಸ್ಲಿಮರ ಬಿರಿಯಾನಿಯಲ್ಲಿ ಅನ್ನಕ್ಕೆ ಮಸಾಲೆ ಬೆರೆಸುವುದಿಲ್ಲ. ಧಾರಾಳವಾಗಿ ಈರುಳ್ಳಿ ಹಾಕಿ ಬೇಯಿಸಿದ ಮಾಂಸದ ಮಸಾಲೆ ಕೆಳಗೆ, ಬೇರೆಯಾಗಿ ಬೆಂದ ಅನ್ನ ಮೇಲೆ. ಬಡಿಸುವವರು ಸಟ್ಟುಗವನ್ನು ತಳದವರೆಗೆ ಇಳಿಸಿ ಎರಡನ್ನೂ ಎತ್ತಿ ಹಾಕಬೇಕು. ಶುಕ್ರವಾರ ಮಧ್ಯಾಹ್ನ ಹಂಡೆ ತೆರೆಯುವ ಹೊತ್ತಿಗೆ ಹೋದರೆ ಒಳ್ಳೆಯದು, ಸಂಜೆಗೆ ಉಳಿದದ್ದನ್ನು ಬಿಸಿ ಮಾಡಿ ಕೊಡುತ್ತಾರೆ.

ಉತ್ತರ ಭಾರತದ ಅಡುಗೆಗೆ ಹೆದ್ದಾರಿ 66ರ ಮೇಲೆ ಬಿಣಗಾ, ಅರಗಾ ಕಡೆಯ ಡಾಬಾಗಳು. ತಂದೂರಿನ ಬೆಂಕಿ ಸಂಜೆಯ ನಂತರವೇ ಕಾವು ಹಿಡಿಯುತ್ತದೆ, ಮಧ್ಯಾಹ್ನ ಅಲ್ಲಿಗೆ ಹೋಗಬೇಕಾಗಿಲ್ಲ. ನೌಕಾನೆಲೆಯ ಕುಟುಂಬಗಳು ಕುಳಿತು ದಾಲ್, ರೋಟಿ ಉಣ್ಣುತ್ತಿರುವ ಕಡೆ ನಾನೂ ಅದನ್ನೇ ಕೇಳುತ್ತೇನೆ. ಅಲ್ಲಿ ಮೀನು ತರಿಸುವುದಿಲ್ಲ.

ಸಂಜೆಯ ಗಾಡಿಗಳ ವಿಷಯದಲ್ಲಿ ಕಣ್ಣು ತೆರೆದಿರಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಅದೇ ವರ್ಷದ ಜೂನ್‌ನಲ್ಲಿ ಕಬಾಬುಗಳಿಗೂ ಅದು ಅನ್ವಯವಾಯಿತು. ಬ್ಯಾಡಗಿ ಮೆಣಸಿನಿಂದ ಬರುವ ಕೆಂಪು ಕಂದಿನ ಕಡೆಗಿರುತ್ತದೆ. ಬೆರಳಿಗೆ ಹತ್ತಿ ಸಾಬೂನಿಗೂ ಹೋಗದ ಕೆಂಪು ಮೆಣಸಿನದಲ್ಲ. ಮಕ್ಕಳೊಡನೆ ಹೋದಾಗ ಬಣ್ಣ ಹಾಕಬೇಡಿ ಎಂದು ಮೊದಲೇ ಹೇಳುತ್ತೇನೆ, ಈಗ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಅಂಗಡಿಯ ಗೋಡೆಯ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಕಾಣುವಂತಿರಬೇಕು. ಅದಿದ್ದ ಮಾತ್ರಕ್ಕೆ ರುಚಿ ಬರುವುದಿಲ್ಲ; ಕೈ ತೊಳೆಯುವ ಜಾಗವೂ ಕುಡಿಯುವ ನೀರಿನ ಪಾತ್ರೆಯೂ ಹೇಗಿವೆ ಎಂಬುದನ್ನು ಸಹ ನೋಡಿ ಕುಳಿತುಕೊಳ್ಳುತ್ತೇನೆ.

ಕಷ್ಟವಾಗುವುದು ಎಲ್ಲ ಬಗೆಯವರೂ ಒಟ್ಟಿಗೆ ಬಂದಾಗ: ಅಮ್ಮನಿಗೆ ಮೀನಿನ ವಾಸನೆ ಆಗದು, ಧಾರವಾಡದ ಗೆಳೆಯನಿಗೆ ಬಂಗಡೆಯೇ ಬೇಕು, ಮಕ್ಕಳಿಗೆ ನೂಡಲ್ಸ್. ಎಲ್ಲವೂ ಸಿಗುವ ದೊಡ್ಡ ಹೋಟೆಲಿನಲ್ಲಿ ಎಲ್ಲರನ್ನೂ ಕೂರಿಸಿದರೆ ಯಾರಿಗೂ ತೃಪ್ತಿಯಾಗುವುದಿಲ್ಲ. ನಾನು ದಿನವನ್ನೇ ಹಂಚುತ್ತೇನೆ. ಬೆಳಿಗ್ಗೆ ಎಲ್ಲರೂ ಪಾವ್ ಭಾಜಿಗೆ. ಅದು ಸಸ್ಯಾಹಾರ, ಮಕ್ಕಳಿಗೂ ಹಿಡಿಸುತ್ತದೆ. ಮಧ್ಯಾಹ್ನ ಅಮ್ಮನನ್ನೂ ಮಕ್ಕಳನ್ನೂ ಸಾರಸ್ವತರ ಊಟಕ್ಕೆ ಬಿಟ್ಟು, ಗೆಳೆಯನೊಡನೆ ಅಕ್ಕನ ಊಟದ ಮನೆಗೆ. ಎರಡೂ ನಡೆದು ಹೋಗುವಷ್ಟು ಹತ್ತಿರವಿರುವುದು ಸಣ್ಣ ಊರಿನ ಅನುಕೂಲ. ಸಂಜೆ ಟಾಗೋರ್ ಕಡಲತೀರದಲ್ಲಿ ಒಟ್ಟಾಗಿ ತಿರುಗಾಡಿ, ರಾತ್ರಿ ಡಾಬಾದಲ್ಲಿ ದಾಲ್ ರೋಟಿ. ಭಾನುವಾರವಾದರೆ ಊಟಕ್ಕೆ ಮೊದಲು ಸಂತೆಗೂ ಹೋಗಿಬರುತ್ತೇವೆ; ಹಾಲಕ್ಕಿ ಹೆಂಗಸರು ಅಂಕೋಲಾ ಕಡೆಯಿಂದ ತಂದ ತರಕಾರಿಯನ್ನೂ, ಬೇಸಿಗೆಯಾಗಿದ್ದರೆ ಜಡೆ ಹೆಣೆದ ಕುಮಟಾದ ಸಿಹಿ ಈರುಳ್ಳಿಯನ್ನೂ ಅಮ್ಮ ಬಿಡದೆ ಕೊಳ್ಳುತ್ತಾರೆ.

ಚೌತಿಯ ವಾರದಲ್ಲಿ ಮಾತ್ರ ಯಾರನ್ನೂ ಊಟಕ್ಕೆ ಕರೆಯಬೇಡಿ. ಸಣ್ಣ ಊಟದ ಮನೆಗಳ ಕೆಲಸದವರೆಲ್ಲ ತಮ್ಮ ತಮ್ಮ ಹಳ್ಳಿಗಳಿಗೆ ಗಣಪತಿ ಕೂರಿಸಲು ಹೋಗಿರುತ್ತಾರೆ, ಅರ್ಧಕ್ಕರ್ಧ ಬಾಗಿಲುಗಳು ಮುಚ್ಚಿರುತ್ತವೆ. ಉಳಿದ ಹಬ್ಬಗಳಲ್ಲಿಯೂ ಹಿಂದಿನ ದಿನವೇ ಫೋನು ಮಾಡಿ, ನಾಳೆ ತೆರೆದಿರುತ್ತದೆಯೇ, ಎಷ್ಟು ಗಂಟೆಗೆ ಊಟ ಸಿದ್ಧವಾಗುತ್ತದೆ ಎಂದು ಕೇಳಿಕೊಂಡು ಹೊರಡುವುದು ಒಳ್ಳೆಯದು.